ಮೇಲ್‌ಬಾಕ್ಸ್ ತುಂಬಿದ ಮಧ್ಯಾಹ್ನ

ಕುರುಗೋಡಿನ ನಮ್ಮ ಶಾಲೆಯ ಟೀಚರ್ ಫೋನ್ ಮಾಡಿದಾಗ ನಾನು ಊಟ ಮುಗಿಸಿ ಡಬ್ಬಿ ಮುಚ್ಚುತ್ತಿದ್ದೆ.

“ಮೇಡಂ, ನನ್ನ ಮೇಲ್ ಹೊಳ್ಳಿ ಬರಾಕತ್ತೈತ್ರಿ. ನಿಮ್ಮ ಆಫೀಸಿನ ಮೇಲ್‌ಬಾಕ್ಸ್ ಫುಲ್ ಅಂತ ತೋರಸ್ತೈತಿ. ಐದಕ್ಕ ಟೈಮ್ ಮುಗೀತೈತಿ, ಏನ್ ಮಾಡ್ಲಿ?”

ಅದು ಅವಳ ವರ್ಗಾವಣೆಯ ಅರ್ಜಿ. ನಮ್ಮ ಟ್ರಸ್ಟಿಗೆ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಒಂದೊಂದು ಶಾಲೆ. ಸಿರುಗುಪ್ಪದಲ್ಲಿ ಒಂದು ಹುದ್ದೆ ಖಾಲಿಯಾಗಿತ್ತು. ಬೇಕಾದವರು ಆ ದಿನ ಐದು ಗಂಟೆಯೊಳಗೆ ಹೆಡ್ ಆಫೀಸಿಗೆ ಮೇಲ್ ಮಾಡಬೇಕು, ಸಂಜೆ ಕಮಿಟಿ ಕೂತು ತೀರ್ಮಾನಿಸುತ್ತದೆ. ಅವಳ ಮನೆ ಇರುವುದೇ ಸಿರುಗುಪ್ಪದಲ್ಲಿ. ಎದೆಹಾಲು ಬಿಡದ ಕೂಸನ್ನು ತನ್ನ ತಾಯಿಯ ಹತ್ತಿರ ಬಿಟ್ಟು, ನಡುವೆ ಇಳಿದು ಇನ್ನೊಂದು ಬಸ್ ಹತ್ತಿ ಕುರುಗೋಡಿಗೆ ಬರುತ್ತಿದ್ದಳು. ಈ ಸಲ ತಪ್ಪಿದರೆ ಮತ್ತೊಂದು ವರ್ಷ ಅದೇ ಗತಿ.

“ಲಿಸನ್, ಗಾಬರಿ ಆಗಬ್ಯಾಡ. ಫೋನ್ ಕೈಯಾಗ ಇಟ್ಕೊಂಡಿರು, ನಾ ಹೇಳ್ತೀನಿ,” ಎಂದೆ.

ಹೇಳುವುದೇನೋ ಹೇಳಿಬಿಟ್ಟೆ. ನಾನು ಇಂಗ್ಲಿಷ್ ಟೀಚರಾಗಿ ರಿಟೈರ್ ಆದವಳು. ಮನೆಯಲ್ಲಿ ಸುಮ್ಮನೆ ಕೂರಲಾರದೆ, ಟ್ರಸ್ಟಿನ ಪತ್ರವ್ಯವಹಾರ ನೋಡಿಕೊಳ್ಳಲು ಬಳ್ಳಾರಿ ಕೌಲ್ ಬಜಾರಿನ ಈ ಹೆಡ್ ಆಫೀಸಿಗೆ ಬರುತ್ತೇನೆ. ಕೆಳಗೆ ಆಟೋ ರಿಪೇರಿ ಅಂಗಡಿ, ಮೇಲೆ ನಾವು ಮೂವರು: ನಾನು, ಸರ್ಕಾರಿ ಸರ್ವಿಸ್ ಮುಗಿಸಿ ಬಂದ ಮ್ಯಾನೇಜರ್, ಅವರಷ್ಟೇ ವಯಸ್ಸಾದ ಅಟೆಂಡರ್.

ಮೊದಲು ಮ್ಯಾನೇಜರನ್ನು ಕೇಳಿದೆ, “ವಾಟ್ಸಾಪಿಗೆ ತರಿಸ್ಕೊಂಡ್ರ ನಡೀತೈತೇನ್ರೀ?”

“ಆಗಂಗಿಲ್ರಿ ಮೇಡಂ. ರೂಲ್ ಅಂದ್ರ ರೂಲ್. ಆಫೀಸ್ ಮೇಲಿಗೇ ಬರಬೇಕು. ನಾಳೆ ಇನ್ನೊಬ್ರು ತಕರಾರು ತೆಗದ್ರ ಉತ್ತರ ಯಾರು ಕೊಡೋರು, ನೀವಾ?”

ಸರಿ, ಹಾಗಾದರೆ ಮೇಲ್‌ಬಾಕ್ಸನ್ನೇ ಖಾಲಿ ಮಾಡುವುದು. ಕನ್ನಡಕ ಒರೆಸಿಕೊಂಡು ಕೂತೆ. ಹಳೆಯ ಸುತ್ತೋಲೆಗಳು, ಹಬ್ಬದ ಗ್ರೀಟಿಂಗ್ಸ್, ಪಠ್ಯಪುಸ್ತಕದವರ ಜಾಹೀರಾತು, ಒಂದೊಂದನ್ನೇ ಡಿಲೀಟ್ ಮಾಡುತ್ತಾ ಹೋದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಲೆಟರ್ ರೈಟಿಂಗ್ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಲ್ಲಾದರೂ ರಬ್ಬರ್ ಆಡಿಸಿದ ಗುರುತು ಕಂಡರೆ “ರೈಟ್ ಇಟ್ ಅಗೇನ್, ಚೈಲ್ಡ್” ಎಂದು ಹಾಳೆ ವಾಪಸ್. ಆ ಕಿಟಕಿ, ಆ ನೀಲಿ ಇಂಕಿನ ವಾಸನೆ, ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯ ಎರಡು ಜಡೆ, ಎಲ್ಲ ಕಣ್ಣ ಮುಂದೆ ಬಂತು. ಆ ಹುಡುಗಿ ಈಗ ಎಲ್ಲಿದ್ದಾಳೋ. ನಾನಂತೂ ಇಲ್ಲಿ ಕೂತು ರಾಶಿ ರಾಶಿ ಪತ್ರ ಅಳಿಸುತ್ತಿದ್ದೆ.

ಅಷ್ಟೆಲ್ಲ ಅಳಿಸಿದರೂ ಸ್ಟೋರೇಜ್ ತೋರಿಸುವ ಕೆಂಪು ಪಟ್ಟಿ ಕದಲಲಿಲ್ಲ. ಡಿಲೀಟ್ ಮಾಡಿದ್ದು ಟ್ರ್ಯಾಶ್ ಫೋಲ್ಡರಿನಲ್ಲಿ ಕೂತಿರುತ್ತದೆಂದು ನೆನಪಾಗಿ ಅದನ್ನೂ ಖಾಲಿ ಮಾಡಿದೆ. ಕೂದಲೆಳೆಯಷ್ಟು ಸರಿಯಿತು. ಟೀಚರಿಗೆ ಕಳಿಸಲು ಹೇಳಿದೆ. ಅದೂ ವಾಪಸ್ ಬಂತು.

ಆಗ ಸ್ವಲ್ಪ ನಿಂತು ಯೋಚಿಸಿದೆ. ಬರೀ ಅಕ್ಷರದ ಮೇಲ್‌ಗಳಿಗೆ ತೂಕವೆಲ್ಲಿಯದು? ತೂಕದ್ದೇನೋ ಬೇರೆ ಇರಬೇಕು. ಸೈಜ್ ಪ್ರಕಾರ ಜೋಡಿಸಿ ನೋಡಿದೆ. ಮೇಲೆ ಬಂದ ದೊಡ್ಡ ದೊಡ್ಡ ಮೇಲ್‌ಗಳೆಲ್ಲ ಒಂದೇ ವಿಳಾಸದಿಂದ ಬಂದಿದ್ದವು. ಆ ವಿಳಾಸ ನಮ್ಮ ಆಫೀಸಿನದೇ! ನಾವೇ ನಮಗೆ ಕಳಿಸಿಕೊಂಡಿದ್ದೆವು. ಒಂದನ್ನು ತೆರೆದರೆ ಒಳಗೆ ದುಂಡನೆಯ ಇನ್‌ವರ್ಡ್ ಸೀಲು, ಮ್ಯಾನೇಜರರ ಹಸಿರು ಸಹಿ.

ಅಟೆಂಡರನ್ನು ಕರೆದು ಇದೇನೆಂದು ಕೇಳಿದೆ. ಅವರು ಇದೇನು ಕೇಳುವ ಮಾತೇ ಎಂಬಂತೆ ನೋಡಿದರು.

“ಸಾಹೇಬ್ರು ಹೇಳಿದಂಗ ಮಾಡ್ತೀನ್ರಿ ಅಮ್ಮಾ. ಮೇಲ್ ಬಂತಂದ್ರ ಪ್ರಿಂಟ್ ತಗೀತೀನಿ, ಸೀಲ್ ಹೊಡೀತೀನಿ, ಸಾಹೇಬ್ರು ಸೈನ್ ಮಾಡ್ತಾರ, ಸ್ಕ್ಯಾನ್ ಮಾಡಿ ಹೊಳ್ಳಿ ಕಂಪ್ಯೂಟರಿಗೇ ಕಳಿಸ್ತೀನಿ.”

“ಯಾಕ್ರೀ ಸಾಹೇಬ್ರ?” ಎಂದು ಮ್ಯಾನೇಜರ ಕಡೆ ತಿರುಗಿದೆ.

“ಸೀಲ್ ಬೀಳದಿದ್ರ ಅದು ಬಂದೈತಿ ಅಂತ ಹೆಂಗ ಹೇಳೋದ್ರೀ?”

“ಬಂದದ್ದಕ್ಕ ಸೀಲು. ಸೀಲಿನ ಭಾರಕ್ಕ ಈಗ ಬರೋದೇ ನಿಂತೈತಿ!”

ಅಟೆಂಡರ್ ನಗು ತಡೆಯಲು ಕೆಮ್ಮಿದರು. ಸ್ಕ್ಯಾನೆಲ್ಲ ಬಣ್ಣದಲ್ಲಿ, ಫೋಟೋ ತೆಗೆಯುವ ಹೈ ಕ್ವಾಲಿಟಿಯಲ್ಲಿ. ಹಸಿರು ಸಹಿ ಹಸಿರಾಗಿಯೇ ಕಾಣಬೇಕಲ್ಲ.

“ಇವನ್ನ ತಗದ್ಬಿಡ್ತೀನಿ,” ಎಂದೆ.

“ಆಡಿಟ್‌ನೋರು ಕೇಳಿದ್ರ?” ಎಂದರು ಮ್ಯಾನೇಜರ್.

ಕೈ ಹಿಡಿದು ಎಳೆಯುವುದೊಂದು ಬಾಕಿ, ಅವರನ್ನು ಅಲ್ಮೇರಾದ ಮುಂದೆ ತಂದು ನಿಲ್ಲಿಸಿದೆ. ಸೀಲು ಬಿದ್ದ ಕಾಗದಗಳೆಲ್ಲ ಅಲ್ಲೇ ಫೈಲಿನಲ್ಲಿ ಅಚ್ಚುಕಟ್ಟಾಗಿದ್ದವು. ಮ್ಯಾನೇಜರ್ ಒಂದೆರಡು ಫೈಲ್ ಬಿಚ್ಚಿ ನೋಡಿ ಮುಚ್ಚಿದರು.

“ನಿಮ್ಮ ಜವಾಬ್ದಾರಿ ಅಂತ ಬರದು ಕೊಡ್ರಿ.”

“ಕೊಡ್ತೀನಿ. ಪೆನ್ ತರ್ರಿ,” ಎಂದೆ. ಎರಡು ಸಾಲು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ. ಇಂಗ್ಲಿಷಿನಲ್ಲಿದ್ದರೆ ಅವರು ಮರುಮಾತಾಡುವುದಿಲ್ಲವೆಂದು ನನಗೆ ಗೊತ್ತು.

ಸ್ಕ್ಯಾನುಗಳನ್ನು ಪುಟಗಟ್ಟಲೆ ಗುರುತು ಹಾಕಿ ಅಳಿಸಿದೆ. ಬೆರಳು ಜೋಮು ಹಿಡಿಯಿತು. ಟ್ರ್ಯಾಶ್ ಖಾಲಿಯಾಗುತ್ತಲೇ ಕೆಂಪು ಪಟ್ಟಿ ಹಿಂದೆ ಸರಿಯಿತು. ಥ್ಯಾಂಕ್ ಗಾಡ್ ಎನ್ನುವಷ್ಟರಲ್ಲಿ ನೋಡನೋಡುತ್ತಾ ಮತ್ತೆ ಮುಂದಕ್ಕೆ ಬಂತು. ಟೀಚರ್ ಫೋನಿನಲ್ಲಿ, “ಮೇಡಂ, ಮತ್ತ ಹೊಳ್ಳಿ ಬಂತ್ರೀ...” ಎಂದಳು. ದನಿ ಒದ್ದೆಯಾಗಿತ್ತು.

“ಅಳಬ್ಯಾಡ. ಇನ್ನಾ ಟೈಮ್ ಐತಿ,” ಎಂದೆ. ಗೋಡೆಯ ಗಡಿಯಾರ ನೋಡಲು ನನಗೂ ಧೈರ್ಯವಿರಲಿಲ್ಲ.

ಇನ್‌ಬಾಕ್ಸ್ ತೆರೆದೆ. ಆಗತಾನೇ ಬಂದ ಸ್ಕ್ಯಾನುಗಳು ಸಾಲಾಗಿ ಕೂತಿದ್ದವು. ಜಾಗವಿಲ್ಲದೆ ಸ್ಕ್ಯಾನರಿನಲ್ಲೇ ಸಿಕ್ಕಿಕೊಂಡಿದ್ದ ಹಳೆಯ ಸರದಿಯೆಲ್ಲ, ಬಾಗಿಲು ತೆರೆದದ್ದೇ ತಡ, ಒಂದರ ಹಿಂದೊಂದು ಒಳಗೆ ನುಗ್ಗುತ್ತಿತ್ತು. ಸೊಂಟನೋವು ಮರೆತು ಎದ್ದು ಹೋಗಿ ಸ್ಕ್ಯಾನರಿನ ಪ್ಲಗ್ ಕಿತ್ತೆ.

“ಅಯ್ಯೋ, ಇನ್ನಾ ಅದಾವ್ರಿ ಅಮ್ಮಾ!” ಎಂದರು ಅಟೆಂಡರ್.

“ಇರ್ಲಿ ಬಿಡ್ರಿ. ಯಾರೂ ಇದನ್ನ ಮುಟ್ಟಬ್ಯಾಡ್ರಿ. ನೋಬಡಿ!”

ಹೊಸದಾಗಿ ಬಂದವನ್ನೂ ಅಳಿಸಿ, ಟ್ರ್ಯಾಶ್ ಮತ್ತೆ ಖಾಲಿ ಮಾಡಿ, ಪಟ್ಟಿ ನೆಲೆ ನಿಲ್ಲುವವರೆಗೆ ಕಾದೆ. “ಈಗ ಕಳಿಸವ್ವಾ,” ಎಂದೆ. ಫೋನಿನ ಆಚೆ ಶಾಲೆಯ ಗಂಟೆ, ಮಕ್ಕಳ ಗಲಾಟೆ ಕೇಳುತ್ತಿತ್ತು. ನಾನು ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. ಬಂತು. ಮೂರೇ ಸಾಲಿನ ಪತ್ರ. ಎರಡನೆಯ ಆಯ್ಕೆಯ ಶಾಲೆ ಎಂಬಲ್ಲಿ “ಇಲ್ಲ” ಎಂದು ಬರೆದಿದ್ದಳು. ಮ್ಯಾನೇಜರ್ ನನ್ನ ಭುಜದ ಹಿಂದೆ ಬಗ್ಗಿ ಮೇಲ್ ಬಂದ ಸಮಯ ಓದಿಕೊಂಡರು. ಐದಾಗಿರಲಿಲ್ಲ. “ಆತು, ಕಮಿಟಿಗೆ ಇಡ್ತೀನಿ,” ಎಂದಷ್ಟೇ ಹೇಳಿ ತಮ್ಮ ಮೇಜಿಗೆ ಹೋದರು.

ಕಮಿಟಿ ಮುಗಿಯುವವರೆಗೆ ನಾನು ಮನೆಗೆ ಹೋಗಲಿಲ್ಲ. ಸಿರುಗುಪ್ಪ ಕೇಳಿದವರು ಇನ್ನೊಬ್ಬರೂ ಇದ್ದರು. ಕೂಸಿನ ಕಾರಣಕ್ಕೆ ಇವಳ ಹೆಸರೇ ನಿಂತಿತು. ತಿಳಿಸಲು ಫೋನ್ ಮಾಡಿದಾಗ ಅವಳು ಬಸ್ಸಿನಲ್ಲಿದ್ದಳು. ಸುದ್ದಿ ಹೇಳಿದೆ. ಇಂಜಿನ್ನಿನ ಸದ್ದಿನಲ್ಲಿ ಇನ್ನೊಮ್ಮೆ ಹೇಳಿಸಿಕೊಂಡಳು.

“ಮೇಡಂ, ಅಲ್ಲಿ ಸಾಲಿ ನಮ್ಮ ಮನಿ ಹಿಂದಿನ ಓಣ್ಯಾಗ ಐತ್ರಿ,” ಎಂದಳು. “ಮಧ್ಯಾಹ್ನ ಊಟದ ಹೊತ್ತಿನ್ಯಾಗ ಮನಿಗಿ ಹೋಗಿ ಬರಬೌದಲ್ರೀ?”

“ಹೋಗಬೌದು,” ಎಂದೆ.