ಆಶಾರಾಣಿ ಹೋಟೆಲಿನಲ್ಲಿ ಕುಮಾರಿ ಕುಸುಮಾ

ಶನಿವಾರಸಂತೆಯ ಸಂತೆಮಾಳದ ಎದುರಿಗಿರುವ ಆಶಾರಾಣಿಯ ಹೋಟೆಲಿಗೆ ಕೆಲಸ ಕೇಳಿಕೊಂಡು ಬಂದಾಗ ಶಿವಮ್ಮ ಒಂದು ಸುಳ್ಳು ಹೇಳಿದ್ದಳು. ಮೈಸೂರಿನ ಹಾಸ್ಟೆಲೊಂದರಲ್ಲಿ ಮೂವತ್ತೈದು ವರ್ಷ ಅಡುಗೆ ಮಾಡಿಕೊಂಡಿದ್ದೆ ಎಂದಿದ್ದಳು. ಆ ಮೂವತ್ತೈದು ವರ್ಷವೂ ಆಕೆ ಮಾಡಿದ್ದು ರಾಣಿಯ ಪಾರ್ಟು. ನಾಟಕದ ಕರಪತ್ರಗಳಲ್ಲಿ ಆಕೆಯ ಹೆಸರು ‘ಮೈಸೂರಿನ ಕುಮಾರಿ ಕುಸುಮಾ’. ನಲವತ್ತೆಂಟು ತುಂಬಿದ ಮೇಲೂ ಕುಮಾರಿಯೇ. ನಾಟಕದವಳೆಂದರೆ ಬಾಡಿಗೆಗೆ ರೂಮು ಕೊಡುವವರೂ ಎರಡು ಸಲ ಮುಖ ನೋಡುತ್ತಾರೆ, ಇನ್ನು ಕೆಲಸ ಕೊಡುವವರನ್ನು ಕೇಳಬೇಕೆ? ಹಾಗಾಗಿ ಕುಸುಮಾಳನ್ನು ಟ್ರಂಕಿನಲ್ಲಿ ಮಡಚಿಟ್ಟು ಶಿವಮ್ಮನಾಗಿ ಬಂದಳು.

ಈ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರು ಊರ ರೈತರೇ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಮೂರು ತಿಂಗಳು ಕಲಿಯುತ್ತಾರೆ. ಹೆಣ್ಣುಪಾರ್ಟಿಗೆ ಮಾತ್ರ ಹೊರಗಿನವರು ಬೇಕು. ಬಂದವಳು ನಾಟಕದ ದಿನವೇ ಬಸ್ಸಿಳಿದು, ಮುಖಕ್ಕೆ ಬಣ್ಣ ಹಚ್ಚಿಕೊಂಡು, ಹಿಂದೆಂದೂ ನೋಡಿರದ ಗಂಡನ ಪಕ್ಕ ನಿಲ್ಲಬೇಕು. ಆ ಗಂಡನಿಗೋ, ಎದುರಿಗೆ ಊರೇ ಕೂತಿದ್ದು ಕಂಡಕೂಡಲೆ ಮೂರು ತಿಂಗಳ ಪಾಠ ಹಾರಿಹೋಗಿರುತ್ತದೆ. ಆಗ ಸೆರಗಿನ ಮರೆಯಿಂದ ಅವನಿಗೆ ಮೊದಲ ಮಾತು ಎತ್ತಿಕೊಡುವುದು ರಾಣಿಯ ಕೆಲಸ. ಶಿವಮ್ಮನಿಗೆ ಓದುಬರಹ ಬಾರದು. ಕಿವಿಯಲ್ಲಿ ಕೇಳಿಯೇ ಎಲ್ಲರ ಪಾರ್ಟನ್ನೂ ಬಾಯಿಪಾಠ ಮಾಡಿಕೊಂಡಿದ್ದಳು. ಎಷ್ಟು ರಾಜರನ್ನು ದಡ ಮುಟ್ಟಿಸಿದಳೋ ಅವಳಿಗೇ ನೆನಪಿಲ್ಲ. ಜೊತೆಯವನು ತಪ್ಪಿದರೆ ಬಿಟ್ಟುಕೊಡಬಾರದು. ತಾನೇ ಮರೆತರೆ ಬಾಯಿಮುಚ್ಚಿ ನಿಲ್ಲಬಾರದು, ಬೇರೆ ನಾಟಕದ್ದಾದರೂ ಸರಿ, ಗತ್ತಿನಿಂದ ಏನನ್ನಾದರೂ ಹೇಳಿಬಿಡಬೇಕು. ಆಕೆ ಕಲಿತ ವಿದ್ಯೆ ಇಷ್ಟೇ.

ಐವತ್ತೈದು ದಾಟಿದ ಮೇಲೆ ಕರೆಯುವವರು ನಿಂತುಹೋದರು. ಹೋಟೆಲಿನಲ್ಲಿ ಮೊದಲ ಎರಡು ವರ್ಷ ಹಿಂದಿನ ಕೋಣೆಯ ಗ್ರೈಂಡರಿನ ಮುಂದೆ ಕಳೆದವು. ಆ ಎರಡು ವರ್ಷ ಮಂಡಿನೋವು, ಸೊಂಟನೋವು, ಜೊತೆಗೆ ಯಾಕೆ ಬದುಕಿದ್ದೇನೆ ಎಂಬ ಯೋಚನೆ. ಆಮೇಲೊಂದು ದಿನ ಸಪ್ಲೈ ಮಾಡುವವನು ಹೇಳದೆ ಕೇಳದೆ ಬಿಟ್ಟುಹೋದ. ಆಶಾರಾಣಿ ಇವಳನ್ನು ಮುಂದಕ್ಕೆ ಕರೆದಳು. ತಟ್ಟೆ ಹಿಡಿದು ಹೊರಗೆ ಬಂದಾಗ ಇಪ್ಪತ್ತು ಮುಖಗಳು ಒಟ್ಟಿಗೆ ಮೇಲೆದ್ದು ಇವಳನ್ನೇ ನೋಡಿದವು. ಹಸಿದವರ ನೋಟವೇ ಇರಲಿ, ನೋಟ ನೋಟವೇ. ಮಂಡಿನೋವು ಅದೆಲ್ಲಿ ಹೋಯಿತೋ. ಅಂದಿನಿಂದ ಆಕೆ ಬೆಳಿಗ್ಗೆ ತಲೆಗೆ ಹೂ ಮುಡಿದೇ ಬರತೊಡಗಿದಳು. ದನಿಯನ್ನು ಮಾತ್ರ ತಗ್ಗಿಸಿಕೊಂಡಿದ್ದಳು. ಮೈಕು ಕೈಕೊಟ್ಟರೂ ಕೊನೆಯ ಸಾಲಿಗೆ ಕೇಳುವ ಗಂಟಲು ಅದು, ಬಿಟ್ಟರೆ ಗುಟ್ಟು ರಟ್ಟಾಗುತ್ತದೆಂದು ಭಯ.

ಅರವತ್ತಮೂರಕ್ಕೆ ಮರೆವು ಶುರುವಾಯಿತು. ಟೇಬಲ್ಲಿನಿಂದ ಅಡುಗೆಮನೆಯ ಕಿಟಕಿಗೆ ಎಂಟು ಹೆಜ್ಜೆ. ಕೇಳಿದ್ದು ಐದನೇ ಹೆಜ್ಜೆಗೇ ಹೋಗಿರುತ್ತಿತ್ತು. ಆಗ ಹಳೆಯ ವಿದ್ಯೆ ಕೆಲಸಕ್ಕೆ ಬಂತು. ಕಿಟಕಿಯ ಮುಂದೆ ನಿಂತು, ಬಾಯಿಗೆ ಬಂದದ್ದನ್ನು ಧೈರ್ಯವಾಗಿ ಹೇಳಿಬಿಡುತ್ತಿದ್ದಳು. ಅಡುಗೆಯ ನಿಂಗ ಮಾಡಿಕೊಡುತ್ತಿದ್ದ. ಆಕೆ ಅದನ್ನು ಎಂಥ ಗತ್ತಿನಿಂದ ತಂದಿಡುತ್ತಿದ್ದಳೆಂದರೆ, ಇಡ್ಲಿ ಹೇಳಿದವರೂ ತಾವು ಕಡುಬು ಹೇಳಿದ್ದಿರಬೇಕೆಂದು ಸುಮ್ಮನೆ ತಿಂದು ಹೋಗುತ್ತಿದ್ದರು. ಎರಡು ತಿಂಗಳು ಹೀಗೇ ನಡೆಯಿತು. ಗೊತ್ತಾದರೆ ಮತ್ತೆ ಗ್ರೈಂಡರಿನ ಮುಂದೆ ಕೂರಬೇಕೆಂಬುದು ಆಕೆಗೆ ತಿಳಿದಿತ್ತು. ಅದಕ್ಕಿಂತ ಸಾಯುವುದೇ ಮೇಲು ಎನಿಸುತ್ತಿತ್ತು.

ಒಂದು ಶನಿವಾರ, ಸಂತೆಯ ಮಧ್ಯಾಹ್ನ, ಜಯಪ್ಪ ಎಂಬ ರೈತ ಬಂದು ಕೂತು ಮುದ್ದೆ, ಕಾಳುಸಾರು ಹೇಳಿದ. ಶನಿವಾರ ಮೊಟ್ಟೆಯನ್ನೂ ಮುಟ್ಟದವನು. ಶಿವಮ್ಮ ಕಿಟಕಿಗೆ ಹೋಗಿ, ಅಕ್ಕಿರೊಟ್ಟಿ, ಮೊಟ್ಟೆಸಾರು ಎಂದಳು. ತಂದಿಟ್ಟಾಗ ಅವನು ತಟ್ಟೆ ನೋಡಿದ, ಇವಳ ಮುಖ ನೋಡಿದ, ಆ ಗತ್ತಿಗೆ ಮಣಿದು ರೊಟ್ಟಿ ಮುರಿದು ಅದ್ದಿದ. ಎರಡನೇ ತುತ್ತಿಗೆ ಸಾರಿನ ಅಡಿಯಿಂದ ಮೊಟ್ಟೆ ಮೇಲೆ ಬಂತು. ಥೂ ಎಂದು ಉಗಿದು, ಬಾಯಿ ತೊಳೆಯಲು ಓಡಿದ.

ಆಶಾರಾಣಿ ಬಂದು ಏನಾಯಿತೆಂದು ಕೇಳಿದಳು. ಒಳಗಿನಿಂದಲೇ ಹಾಗೆ ಬಂತು ಎಂದುಬಿಟ್ಟಳು ಶಿವಮ್ಮ. ಸೌಟು ಹಿಡಿದು ಕಿಟಕಿಯಲ್ಲಿ ನಿಂತಿದ್ದ ನಿಂಗ ಇವಳನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಒಲೆಯ ಕಡೆ ತಿರುಗಿದ. ಶಿವಮ್ಮನಿಗೆ ನಾಚಿಕೆಯಾಯಿತು. ಮೂವತ್ತೈದು ವರ್ಷದ ನಾಟಕದಲ್ಲಿ ಒಮ್ಮೆಯೂ ಜೊತೆಯವನನ್ನು ಬಿಟ್ಟುಕೊಟ್ಟವಳಲ್ಲ, ಇದೇ ಮೊದಲು.

"ಅವುನ್ ತಪ್ಪಲ್ಲ ಕಣವ್ವ" ಎಂದಳು. "ನಂಗೇ ಮರ್ತೋಯ್ತು. ಎರಡು ತಿಂಗ್ಳಿಂದ ಮರೀತಾನೇ ಇದೀನಿ."

ಆಶಾರಾಣಿ ಕೆಟ್ಟವಳಲ್ಲ, ಬೈಯಲಿಲ್ಲ. ನಾಳೆ ಭಾನುವಾರ ರಜೆ, ಸೋಮವಾರದಿಂದ ಒಳಗಿನ ಕೆಲಸ ನೋಡಿಕೋ ಎಂದು ಹೇಳಿ, ಇವತ್ತೊಂದು ದಿನ ಬರೆದುಕೊಂಡಾದರೂ ಸುಧಾರಿಸು ಎಂದು ಚೀಟಿ, ಪೆನ್ನು ಕೈಗಿಟ್ಟು ಹೋದಳು. ಓದುಬರಹ ಬಾರದೆಂಬುದನ್ನು ಹೇಳಲು ಶಿವಮ್ಮನಿಗೆ ಬಾಯಿ ಬರಲಿಲ್ಲ. ಒಂದೇ ದಿನಕ್ಕೆ ಎಷ್ಟು ಅಂತ ಒಪ್ಪಿಕೊಳ್ಳುವುದು?

ಮುಂದಿನ ಟೇಬಲ್ಲಿನಲ್ಲಿ ಆರು ಜನ ಕೂತಿದ್ದರು, ಜಯಪ್ಪನ ಊರಿನವರೇ. ಆರು ಬಾಯಿಯೂ ಒಟ್ಟಿಗೆ ಹೇಳಿದವು. ಶಿವಮ್ಮ ಖಾಲಿ ಚೀಟಿ ನೋಡಿದಳು, ಎಂಟು ಹೆಜ್ಜೆ ದೂರದ ಕಿಟಕಿ ನೋಡಿದಳು. ಅಲ್ಲಿವರೆಗೆ ಹೊತ್ತುಕೊಂಡು ಹೋಗಲು ತನ್ನಿಂದಾಗದು. ಹೋಗಲಿಲ್ಲ. ನಿಂತಲ್ಲೇ ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು, ಎಂಟು ವರ್ಷದಿಂದ ಮುಚ್ಚಿಟ್ಟಿದ್ದ ಗಂಟಲು ತೆರೆದಳು.

"ನಾಕು ಮುದ್ದೆ ಕಾಳ್ಸಾರು, ಒಂದು ಅಕ್ಕಿರೊಟ್ಟಿ ಎಣ್ಣೆಗಾಯಿ, ಒಂದು ಅನ್ನ ಬಸ್ಸಾರು."

ಬೀದಿಯಲ್ಲಿ ಕೋಳಿ ಮಾರುತ್ತಿದ್ದವನೂ ತಿರುಗಿ ನೋಡಿದ. ನಿಂಗ ಒಳಗಿನಿಂದ ಅಷ್ಟನ್ನೂ ಒಂದೂ ಬಿಡದೆ ತಿರುಗಿ ಹೇಳಿದ.

ಬಾಯಿ ತೊಳೆಯುತ್ತಿದ್ದ ಜಯಪ್ಪ ಆ ದನಿ ಕೇಳಿ ಒದ್ದೆ ಮುಖದಲ್ಲೇ ಬಂದು ಎದುರಿಗೆ ನಿಂತ. ತಮ್ಮೂರಿನ ನಾಟಕಕ್ಕೆ ಬಂದಿದ್ದ ಕುಸುಮಾ ನೀವೇ ಅಲ್ಲವೇ ಎಂದು ಕೇಳಿದ. ಇಪ್ಪತ್ತೆರಡು ವರ್ಷದ ಹಿಂದೆ ಅವನು ರಾಜ, ಇವಳು ರಾಣಿ. ಅದೊಂದೇ ನಾಟಕದಿಂದ ಅವನು ಊರಿಗೆಲ್ಲ ‘ರಾಜನ ಪಾರ್ಟಿನ ಜಯಪ್ಪ’ ಆಗಿದ್ದ. ಆ ಟೇಬಲ್ಲಿನ ಆರು ಜನವೂ ಅವನನ್ನು ಹಾಗೇ ಕರೆಯುತ್ತಿದ್ದರು. ಶಿವಮ್ಮ ಕೈಯಲ್ಲಿದ್ದ ಖಾಲಿ ಚೀಟಿಯನ್ನು ಮಡಚಿದಳು. ಆಶಾರಾಣಿ ನೋಡುತ್ತಿದ್ದಳು.

ಜಯಪ್ಪ ಆಶಾರಾಣಿಯ ಕಡೆ ತಿರುಗಿದ. ಊರಿನವರ ಮುಖವನ್ನೊಮ್ಮೆ ನೋಡಿ ಹೇಳಿದ.

"ನೋಡವ್ವ, ಅವತ್ತು ನಂಗೆ ಮೊದ್ಲಿಂದ ಕೊನೇವರ್ಗೂ ಮರ್ತೋಗಿತ್ತು. ಒಂದೊಂದ್ ಮಾತ್ನೂ ಈ ಯಮ್ಮನೇ ಎತ್ಕೊಟ್ಟಿದ್ದು. ಇವತ್ತಿನ್ ತನ್ಕ ಯಾರ್ಗೂ ಹೇಳಿರ್ಲಿಲ್ಲ, ನಾನೂ ಹೇಳಿರ್ಲಿಲ್ಲ, ಆಯಮ್ಮನೂ ಹೇಳಿರ್ಲಿಲ್ಲ."

ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಯಪ್ಪ ತನ್ನ ಜಾಗಕ್ಕೆ ಹೋಗಿ ಕೂತು, ಮುದ್ದೆ ಕಾಳುಸಾರು ಎಂದು ಮತ್ತೆ ಹೇಳಿದ. ಶಿವಮ್ಮ ಅದನ್ನೂ ನಿಂತಲ್ಲಿಂದಲೇ ಕೂಗಿದಳು.

ಸೋಮವಾರ ಆಶಾರಾಣಿ ಗ್ರೈಂಡರಿನ ಮಾತೆತ್ತಲಿಲ್ಲ. ಹಾಸ್ಟೆಲಿನ ಮಾತನ್ನೂ ಎತ್ತಲಿಲ್ಲ. ಈಗ ಆ ಹೋಟೆಲಿನಲ್ಲಿ ಹೇಳಿದ್ದೆಲ್ಲವೂ ಟೇಬಲ್ಲಿನಿಂದಲೇ ಅಡುಗೆಮನೆಗೆ ಕೇಳುತ್ತದೆ. ತಟ್ಟೆ ತುಂಬಿಸಿಕೊಂಡು ಹೊರಟವಳು ಯಾರಿಗೆ ಏನೆಂದು ತಿಳಿಯದೆ ನಡುವೆ ನಿಂತುಬಿಡುವುದು ಈಗಲೂ ಉಂಟು. ಆಗ ನಿಂಗ ಒಲೆಯ ಕಡೆಯಿಂದ ತಲೆ ಎತ್ತದೆ, ಹೊರಗಿನವರಿಗೆ ಕೇಳದಷ್ಟು ಮೆಲ್ಲಗೆ, "ಬಾಗ್ಲತ್ರದ್ ಟೇಬ್ಲು, ಅಕ್ಕ" ಎನ್ನುತ್ತಾನೆ. ಉಳಿದದ್ದು ಆಕೆಗೆ ಬರುತ್ತದೆ.