ಎದುರು ಕುರ್ಚಿಯ ಅಕ್ಕ

ಚಳಿಗಾಲ ಇನ್ನೂ ಬಿಟ್ಟಿಲ್ಲ. ಬೆಳಕು ಹರಿಯುವ ಹೊತ್ತು. ಮೂರನೆಯ ಮಹಡಿಯ ಕೋಣೆಯಲ್ಲಿ ಕಸ ಗುಡಿಸಿ ಮುಗಿಸಿದ ಅಕ್ಕ, ಗೋಡೆಗೆ ಮುಖ ಮಾಡಿ ನಿಂತ ಮರದ ಕುರ್ಚಿಯ ಬಳಿ ಹೋಗುತ್ತಾರೆ. ಈ ಕಡೆ ತಿರುಗಿಸುವ ಮುನ್ನ ಹಲಗೆಯ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ತಣ್ಣಗಿದ್ದರೆ ಸರಿ.

ಬೆಚ್ಚಗಿದ್ದರೆ?

"ಬೆಚ್ಚಗಿದ್ರೆ ಕಿಟಕಿ ತೆಗೆದು ಸ್ವಲ್ಪ ಹೊತ್ತು ಆಚೆ ನಿಂತ್ಕೋತೀನಿ. ಯಾರೋ ಕೂತಿರೋ ಕಡೆ ನುಗ್ಬಾರ್ದಲ್ವಾ?"

ಬದುಕು ಬದಲಿಸಿಕೊಳ್ಳಬೇಕೆಂದು ಬರುವವರ ಕೋಣೆ ಇದು. ನಡೆಸುವ ಮೇಡಂ ಏನು ಕೆಟ್ಟಿತು ಎಂದು ಕೇಳುವುದಿಲ್ಲ. ಏನು ಕೆಡದೆ ಉಳಿದಿದೆ ಎಂದು ಕೇಳುತ್ತಾರೆ. ಆಮೇಲೆ ಎದುರಿನ ಖಾಲಿ ಕುರ್ಚಿ ತೋರಿಸಿ, "ಅಲ್ಲಿ ಕೂತಿರೋದು ಗೆದ್ದು ಬಂದ ನೀವೇ. ಮಾತಾಡ್ಸಿ," ಎನ್ನುತ್ತಾರೆ. ಖಾಲಿ ಕುರ್ಚಿಯೊಡನೆ ಮಾತಾಡಲು ನಾಚುವವರೇ ಹೆಚ್ಚು. ಹಾಗೊಬ್ಬಾಕೆ ಬಾಯಿ ಬಿಡದೆ ಅಳುತ್ತ ಕೂತಾಗ, ನೀರು ತಂದ ಇವರನ್ನೇ ಮೇಡಂ ಅಲ್ಲಿ ಕೂರಿಸಿದರು. ಅಂದಿನಿಂದ ಇವರು ಎಲ್ಲರಿಗೂ ಕುರ್ಚಿ ಅಕ್ಕ. ದಿನಕ್ಕೆ ನಾಲ್ಕೈದು ಮಂದಿಯ ನಾಳೆಯಾಗಿ ಕೂರುತ್ತಾರೆ.

ಮೊದಲು ಬಟ್ಟೆ ಗಿರಣಿಯಲ್ಲಿದ್ದರು. ಮಗ್ಗಗಳ ಸದ್ದಿಗೆ ಎಡಗಿವಿ ಸತ್ತಿತು, ಆಮೇಲೆ ಗಿರಣಿ ಮುಚ್ಚಿತು, ಗಂಡ ಹಾಸಿಗೆ ಹಿಡಿದು ತೀರಿಕೊಂಡರು. ಉಳಿದದ್ದು ಮಗಳು ಮತ್ತು ಅವಳ ನಾಲಿಗೆ. "ಇವತ್ತು ಯಾರಾಗಿ ಬಂದಿದೀಯಮ್ಮ? ಅಡುಗೆ ಬರೋರಾಗಿದ್ರೆ ಒಳಗೆ ಬಾ," ಎಂದು ಬಾಗಿಲಲ್ಲೇ ತಡೆಯುತ್ತಾಳೆ.

ಆ ತಮಾಷೆಯಲ್ಲಿ ನಿಜವೂ ಇದೆ. ಅದಕ್ಕೇ ಕುರ್ಚಿಯಿಂದ ಎದ್ದ ಕೂಡಲೇ ಅದನ್ನು ಗೋಡೆಗೆ ತಿರುಗಿಸುವುದು. "ಅಲ್ಲಿ ಕೂತವರು ನನ್ನ ಹಿಂದೆ ಮನೆಗೆ ಬರ್ಬಾರ್ದು ನೋಡಿ."

ಒಂದು ಬುಧವಾರ ಮರೆತರು.

ಅಂದು ಬಸ್ ಡ್ರೈವರ್ ಒಬ್ಬನ ಸರದಿ. ಮಂಜಿನಲ್ಲಿ ಅಡ್ಡ ಬಂದ ಮುದುಕನಿಗೆ ಅವನ ಬಸ್ ತಗುಲಿತ್ತು. ಮುದುಕ ಬದುಕಿಕೊಂಡ, ಡ್ರೈವರನ ಕೈ ಮಾತ್ರ ಸ್ಟೀರಿಂಗ್ ಕಂಡರೆ ನಡುಗತೊಡಗಿತು. ಮರುದಿನ, ಗುರುವಾರ, ಡಿಪೋದಲ್ಲಿ ಬಸ್ ಓಡಿಸಿ ತೋರಿಸಬೇಕು, ಇಲ್ಲವೇ ಕೆಲಸ ಬಿಡಬೇಕು. ಅಕ್ಕ ಅವನಾಗಿ ಕೂತು ಹೇಳಿದರು: "ಅವತ್ತು ನೀನು ಓಡಿಹೋಗ್ಲಿಲ್ಲ ಕಣೋ. ರಸ್ತೇಲೇ ಕೂತು, ಅವನ ತಲೆ ತೊಡೆ ಮೇಲಿಟ್ಕೊಂಡು, ಮೊಮ್ಮಕ್ಕಳ ಹೆಸರು ಒಂದೊಂದಾಗಿ ಕೇಳ್ತಾ ಇದ್ದೆ, ಎಚ್ಚರ ತಪ್ಪದೇ ಇರ್ಲಿ ಅಂತ. ಆಗ ನಡುಗದ ಕೈ ಇದೇ ಅಲ್ವಾ?"

ಡ್ರೈವರ್ ಬಿಳಿಚಿಕೊಂಡ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ನಂಗೆ ಹೇಗೆ ಗೊತ್ತಾಯ್ತು ಅಂತ ಕೇಳ್ಬೇಡಿ," ಎನ್ನುತ್ತಾರೆ ಅಕ್ಕ. "ಕೂತಾಗ ಗೊತ್ತಿತ್ತು. ಎದ್ದಾಗ ಕೈಕಾಲೇ ಆಡ್ಲಿಲ್ಲ." ಆ ಗಾಬರಿಯಲ್ಲಿ ಕುರ್ಚಿ ತಿರುಗಿಸದೆ ಮನೆಗೆ ಹೋದರು.

ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತಿತು, ಬ್ರೇಕ್ ತುಳಿದ ಹಾಗೆ. ಮತ್ತೆ ಒತ್ತಿತು. ಅಕ್ಕನಿಗೆ ಸೈಕಲ್ಲೂ ಬರದು. "ಅಮ್ಮ, ಯಾರು ಅಡ್ಡ ಬಂದ್ರು?" ಎಂದ ಮಗಳು ಈ ಸಲ ನಗಲಿಲ್ಲ.

ಬೆಳಗ್ಗೆ ಕುಂಟುತ್ತ ಮೆಟ್ಟಿಲು ಹತ್ತಿ ಬಂದರೆ ಕೋಣೆಯ ಬಾಗಿಲು ತೆರೆದಿದೆ. ಕಾವಲುಗಾರ ತೆಗೆದುಕೊಟ್ಟಿದ್ದಾನೆ. ಒಳಗೆ ಡ್ರೈವರ್. ಎದುರಿನ ಕುರ್ಚಿ ಖಾಲಿ. ಅವನು ಒಂದು ಮಾತಾಡುತ್ತಾನೆ, ತಡೆದು ಕೇಳುತ್ತಾನೆ, ತಲೆಯಾಡಿಸುತ್ತಾನೆ, ನಗುತ್ತಾನೆ. ಆಮೇಲೆ ಬಾಗಿಲಲ್ಲಿ ನಿಂತ ಅಕ್ಕ ಕಣ್ಣಿಗೆ ಬಿದ್ದಾಗ ಅವನ ನಗು ಆರುತ್ತದೆ.

"ನೀವು ಅಲ್ಲಿದ್ರೆ... ಇಲ್ಲಿ ಯಾರಕ್ಕ?"

"ನಿನ್ನ ಸ್ವತ್ತು. ಕರ್ಕೊಂಡು ಹೋಗಪ್ಪ, ನಂಗೆ ಕಾಲು ನೋವು."

ಡ್ರೈವರ್ ಎದ್ದು ಆ ಕುರ್ಚಿಯ ಅಂಚಿನಲ್ಲಿ ಕೂತ. ಆಮೇಲೆ ಪೂರ್ತಿ ಒರಗಿದ. ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ, ಅಲ್ಲಾಡಲಿಲ್ಲ. ಎದ್ದು ಡಿಪೋಗೆ ಹೊರಟುಹೋದ. ಮಧ್ಯಾಹ್ನ ಕಿಟಕಿಯ ಕೆಳಗೆ ಬಸ್ಸೊಂದು ನಿಧಾನಿಸಿ, ಹಾರ್ನ್ ಹೊಡೆದು ಮುಂದೆ ಹೋಯಿತು. ಅಕ್ಕನ ಕಾಲು ಸುಮ್ಮನಿತ್ತು.

ಅವರಿಗೊಂದು ಆಸೆ ಇದೆ. "ಒಂದಿನ ಈ ಕಡೆ ಕುರ್ಚೀಲಿ ಕೂರ್ಬೇಕು. ಎದುರಿಗೆ ನಾನು ಬರ್ತೀನೋ ಇಲ್ವೋ ನೋಡ್ಬೇಕು." ಹೇಳುತ್ತಲೇ ಹಲಗೆ ಒರೆಸುತ್ತಾರೆ, ಅಂಗೈ ಇಟ್ಟು ನೋಡುತ್ತಾರೆ.

ಡ್ರೈವರ್ ಹೋದ ದಿನದ ಬಗ್ಗೆ ಕೇಳಿದರೆ ಸಣ್ಣದಾಗಿ ನಗುತ್ತಾರೆ. "ಗುರುವಾರ ಇಬ್ರು ಮೆಟ್ಲು ಇಳಿದ್ರು. ಒಬ್ಬನ ಹೆಜ್ಜೆ ಬಲಗಿವಿಗೆ ಕೇಳಿಸ್ತು. ಇನ್ನೊಬ್ಬನದು, ಕೇಳ್ಸದ ಕಿವಿಗೆ."