ತಂಗಿಗೆ ಆರಿಸಿದ ಶಾಲೆ

ಅಪ್ಪ ಬೆಳ್ತಂಗಡಿಯಲ್ಲಿ ದಸ್ತಾವೇಜು ಬರೆಯುತ್ತಿದ್ದರು. ಮನೆಯ ವಿಷಯವಾದರೂ ಕಾಗದದ ಮೇಲೆ ಬರದೆ ಅವರಿಗೆ ಸಮಾಧಾನವಿರಲಿಲ್ಲ. ಹಸು ಕೊಳ್ಳುವುದಿರಲಿ, ಬಾವಿಗೆ ಜಾಗ ನೋಡುವುದಿರಲಿ, ಹಾಳೆಯ ನಡುವೆ ಗೆರೆ ಎಳೆದು ಎರಡು ಬದಿಯಲ್ಲೂ ಗುಣದೋಷ ಬರೆಸುವರು. ಊಟವಾದ ಮೇಲೆ ಓದಿಸಿ ಕೇಳುವರು. ತಂಗಿಯನ್ನು ಯಾವ ಹೈಸ್ಕೂಲಿಗೆ ಸೇರಿಸುವುದೆಂಬ ಪ್ರಶ್ನೆ ಎದ್ದಾಗ ಆ ಹಾಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಆಗ ನಾನು ಮೂಡುಬಿದಿರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಅಲ್ಲಿನ ಹೈಸ್ಕೂಲಿಗೆ ಹೋಗುತ್ತಿದ್ದೆ. ಎಸ್ಸೆಸ್ಸೆಲ್ಸಿಗೆ ಇನ್ನು ಒಂದೇ ವರ್ಷ ಉಳಿದಿತ್ತು. ತಂಗಿ ಊರಿನಲ್ಲೇ ಎಂಟನೆಯದು ಮುಗಿಸಿದ್ದಳು. ಅವಳನ್ನೂ ಚಿಕ್ಕಮ್ಮನ ಮನೆಗೆ ಕಳಿಸಬೇಕೋ, ನಮ್ಮೂರು ಗುರುವಾಯನಕೆರೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಹೊಸ ಹೈಸ್ಕೂಲಿಗೆ ಸೇರಿಸಬೇಕೋ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು. ಎರಡೂ ಒಂದೇ ಬೋರ್ಡಿನ ಶಾಲೆಗಳು. ತಂಗಿಗೆ ಮಾತ್ರ ಕಾಲೇಜಿನಲ್ಲಿ ಗಣಿತ ಓದಬೇಕೆಂಬ ಒಂದೇ ಹಟ. ರಜೆಯಲ್ಲಿ ನಾನು ಮನೆಗೆ ಬಂದರೆ ನನ್ನ ಬೀಜಗಣಿತದ ಪುಸ್ತಕ ಅವಳ ಕೈ ಸೇರುತ್ತಿತ್ತು. ನಾನು ಬಾಯಿಪಾಠ ಮಾಡಿದ್ದನ್ನು ಅವಳು ಅರ್ಥ ಮಾಡಿಕೊಳ್ಳುತ್ತಿದ್ದಳು.

ಏಪ್ರಿಲ್ ರಜೆಯಲ್ಲಿ ಅಪ್ಪನೂ ನಾನೂ ಹೊಸ ಶಾಲೆ ನೋಡಲು ಹೋದೆವು. ಹೆಂಚಿನ ಮಾಡು, ಉದ್ದ ಜಗಲಿ, ಇನ್ನೂ ಸುಣ್ಣದ ವಾಸನೆ ಆರದ ಗೋಡೆಗಳು. ನಾನು ಕಿಟಕಿ ಎಣಿಸಿದೆ, ಬೆಂಚು ಎಣಿಸಿದೆ. ಹುಡುಗಿಯರಿಗೆ ಬೇರೆ ಕೋಣೆ ಇತ್ತು. ನಮ್ಮ ಶಾಲೆಯಲ್ಲಿ ಇರಲಿಲ್ಲ. ಅಪ್ಪ ಹೆಡ್‌ಮಾಸ್ಟರ ಹತ್ತಿರ ಬಸ್ಸಿನ ಹೊತ್ತು ವಿಚಾರಿಸುತ್ತಿದ್ದಾಗ ನಾನು ಆಫೀಸಿನ ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿ ಓದಿದೆ.

ಆ ಕಾಲದಲ್ಲಿ ಒಂಬತ್ತನೆಯ ತರಗತಿಯಿಂದಲೇ ಗಣಿತ ಎರಡು ದಾರಿಯಾಗುತ್ತಿತ್ತು. ಎಲ್ಲರಿಗೂ ಸಾಮಾನ್ಯ ಗಣಿತ. ಮುಂದೆ ವಿಜ್ಞಾನ ಓದುವವರಿಗೆ ಐಚ್ಛಿಕ ಗಣಿತವೂ ಬೇಕು. ಆ ವೇಳಾಪಟ್ಟಿಯಲ್ಲಿ ಐಚ್ಛಿಕ ಗಣಿತದ ಪೀರಿಯಡ್ಡಿನ ಎದುರು ಹುಡುಗರು ಎಂದು ಬರೆದಿತ್ತು. ಅದೇ ಪೀರಿಯಡ್ಡಿನಲ್ಲಿ ಹುಡುಗಿಯರಿಗೆ ಹೊಲಿಗೆ. ಮೂಡುಬಿದಿರೆಯಲ್ಲಿ ನಾವು ನಾಲ್ವರು ಹುಡುಗಿಯರು ಹುಡುಗರ ತರಗತಿಯಲ್ಲೇ ಹಿಂದಿನ ಬೆಂಚಿನಲ್ಲಿ ಕೂತು ಐಚ್ಛಿಕ ಗಣಿತ ಕಲಿಯುತ್ತಿದ್ದೆವು.

ನಾನು ಅದನ್ನು ಎರಡು ಸಲ ಓದಿದೆ. ಗಮನಿಸಲಿಲ್ಲ ಎಂದು ಹೇಳುವಂತಿಲ್ಲ.

ಚಿಕ್ಕಮ್ಮನ ಮನೆಯ ಮಹಡಿಯಲ್ಲಿ ನನಗೊಂದು ಕೋಣೆ ಇತ್ತು. ಬಾಗಿಲು ಮುಂದೆ ಮಾಡಿದರೆ ಯಾರೂ ಕರೆಯುತ್ತಿರಲಿಲ್ಲ. ತಂಗಿ ಬಂದರೆ ಅದು ಇಬ್ಬರದಾಗುತ್ತದೆ. ಅವಳು ಮಾತುಗಾತಿ; ಓದುವಾಗಲೂ ಗಟ್ಟಿಯಾಗಿ ಓದುವವಳು. ನನ್ನ ಯೋಚನೆ ಇಷ್ಟೇ ಇತ್ತು. ಅದೂ ಒಂದು ವರ್ಷದ ಮಟ್ಟಿಗೆ.

ಆ ಸಂಜೆ ಹಾಳೆ ಬರೆದೆ. ಕಟ್ಟಡ, ಬೆಳಕು, ಮೈದಾನ, ಹುಡುಗಿಯರ ಕೋಣೆ, ದಿನವೂ ಮನೆಯ ಊಟ. ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅಪ್ಪ ಜಗಲಿಯಲ್ಲಿ ಕೂತು ಓದಿಸಿ ಕೇಳಿದರು.

“ಪಾಠದ್ದು ಹೇಗೆ ಮಗಾ? ಎರಡು ಕಡೆಯೂ ಒಂದೇಯಾ?”

“ಒಂದೇ ಪಠ್ಯ ಅಪ್ಪ.”

“ಹಾಗಾದ್ರೆ ಇಷ್ಟು ಹತ್ತಿರ ಉಂಟಲ್ಲ, ಇಲ್ಲಿಯೇ ಸೇರಿಸುವ.”

ತಂಗಿ ಬಾಗಿಲ ಬಳಿ ನಿಂತಿದ್ದಳು. “ಅಕ್ಕನಿಗೆ ನನ್ನ ಗೊರಕೆಯ ಹೆದರಿಕೆ ಅಪ್ಪ, ಅದಕ್ಕೇ ಅಲ್ಲಿ ಬೇಡ ಅಂತಾಳೆ,” ಎಂದಳು.

“ಸುಮ್ನಿರು ಮಾರಾಯ್ತಿ,” ಎಂದು ಅಮ್ಮ ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಜೂನಿನಲ್ಲಿ ಅವಳು ಹೊಸ ಶಾಲೆ ಸೇರಿದಳು. ಹೊಲಿಗೆಯ ಪೀರಿಯಡ್ಡಿನಲ್ಲಿ ಏನು ತಪ್ಪಿಹೋಗುತ್ತಿದೆಯೆಂದು ಅವಳಿಗೆ ಹೇಳುವವರಿರಲಿಲ್ಲ. ಗಣಿತ ಎಂದರೆ ಗಣಿತವೇ ಎಂದು ಅವಳೂ ಅಪ್ಪನೂ ತಿಳಿದಿದ್ದರು. ನಾನು ಮೂಡುಬಿದಿರೆಗೆ ಮರಳಿದೆ, ಮರುವರ್ಷ ಕಾಲೇಜಿಗೆ ಹೋದೆ. ರಜೆಯಲ್ಲಿ ಬಂದಾಗ ಅವಳು ಹೊಲಿದ ರವಕೆಯನ್ನು ತೋರಿಸಿದರೆ ಚೆನ್ನಾಗಿದೆ ಎನ್ನುತ್ತಿದ್ದೆ. ಆಗಲೂ ಹೇಳಬಹುದಿತ್ತು, ಮೊದಲನೆಯ ವರ್ಷ ಬದಲಾಯಿಸುವುದಕ್ಕೆ ಸಮಯವೂ ಇತ್ತು.

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ನನಗಿಂತ ಹೆಚ್ಚು ಅಂಕ ಬಂತು. ಅಪ್ಪ ಅವಳನ್ನು ಕರೆದುಕೊಂಡು ಬಂಟ್ವಾಳದ ಮೇಲೆ ಹೋಗುವ ಬಸ್ಸಿನಲ್ಲಿ ಮಂಗಳೂರಿನ ಕಾಲೇಜಿಗೆ ಹೋದರು. ಜೊತೆಗೆ ನಾನೂ ಇದ್ದೆ. ಗುಮಾಸ್ತರು ಅಂಕಪಟ್ಟಿ ನೋಡಿ, “ಐಚ್ಛಿಕ ಗಣಿತ ಇಲ್ಲ. ಇವರಿಗೆ ಆರ್ಟ್ಸ್ ಮಾತ್ರ ಕೊಡ್ಲಿಕ್ಕೆ ಆಗುವುದು,” ಎಂದರು. ಅಪ್ಪನಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡರು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನಿಂತು, “ನಾನು ಆ ದಿನ ಹೆಡ್‌ಮಾಸ್ಟರ ಹತ್ತಿರ ಸರಿಯಾಗಿ ಕೇಳಬೇಕಿತ್ತು. ಬಸ್ಸಿಂದೇ ಕೇಳ್ತಾ ಕೂತೆ,” ಎಂದರು. ಆ ತಪ್ಪನ್ನು ಅವರು ತಮ್ಮದಾಗಿಯೇ ಇಟ್ಟುಕೊಂಡರು. ನಾನು ಬಿಡಿಸಲಿಲ್ಲ.

ಆರ್ಟ್ಸ್ ಬೇಡವೆಂದು ಅವಳು ಶಿಕ್ಷಕರ ತರಬೇತಿಗೆ ಹೋದಳು. ಈಗ ಒಂದು ಹಳ್ಳಿಯ ಶಾಲೆಯಲ್ಲಿ ಒಂದನೆಯ ತರಗತಿಗೆ ಕಲಿಸುತ್ತಾಳೆ. ಮಕ್ಕಳು ಅವಳನ್ನು ಬಿಟ್ಟಿರುವುದಿಲ್ಲ ಎಂದು ಕೇಳಿದ್ದೇನೆ.

ಕಳೆದ ದೀಪಾವಳಿಗೆ ನಾನು ಮೈಸೂರಿನಿಂದ ಬಂದಿದ್ದೆ. ಎಂ.ಎಸ್ಸಿ. ಮುಗಿದಿತ್ತು. ಮಧ್ಯಾಹ್ನ ಅವಳು ನನ್ನ ಹಳೆಯ ಗಣಿತದ ಪುಸ್ತಕವನ್ನೂ ಪೆನ್ಸಿಲನ್ನೂ ಹಿಡಿದುಕೊಂಡು ಎದುರು ಕೂತಳು. “ಅಕ್ಕ, ಈ ತ್ರಿಕೋನಮಿತಿ ಅಂದ್ರೆ ಎಂತದು? ಸ್ವಲ್ಪ ಹೇಳಿಕೊಡ್ತೀಯಾ?”

ಹೇಳಿಕೊಟ್ಟೆ. ಎರಡು ಲೆಕ್ಕ ಮಾಡಿ ತೋರಿಸಿದೆ. ಮೂರನೆಯದನ್ನು ಅವಳು ನನ್ನನ್ನು ಕೇಳದೆ ಬಿಡಿಸಿದಳು. ನಾಲ್ಕನೆಯದಕ್ಕೆ ನಾನು ಹೇಳಿಕೊಟ್ಟದ್ದಕ್ಕಿಂತ ಹತ್ತಿರದ ದಾರಿ ಹಿಡಿದಳು. ಕಾಲೇಜಿನಲ್ಲಿ ಅದಕ್ಕೆ ನನಗೆ ಒಂದು ತಿಂಗಳು ಹಿಡಿದಿತ್ತು.

“ಇದು ಇಷ್ಟೆಯಾ?” ಎಂದಳು. “ಇದಕ್ಕಾ ನೀನು ಅಷ್ಟು ಅಳ್ತಾ ಇದ್ದದ್ದು?”

“ಇಷ್ಟೇ,” ಎಂದೆ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಮುಂದಿನ ಲೆಕ್ಕ ಕೇಳಿದಳು. ನಾನು ಪುಟ ತಿರುಗಿಸಿದೆ.